ಹನುಮಂತರಾಜುವಿನ ಮೈಮೇಲೆ ದೊರೆ ಬಂದದ್ದು

ಇಂಗ್ಲಿಷ್ ಕಲಿಯುವುದಕ್ಕೆ ವಯಸ್ಸಿನ ಹಂಗಿಲ್ಲ ಎಂದು ಭಾಷಣ ಬಿಗಿಯುವವರೆಲ್ಲ ಒಂದು ಸಂಗತಿಯನ್ನು ಬೇಕೆಂದೇ ಮುಚ್ಚಿಡುತ್ತಾರೆ. ವಯಸ್ಸಿನ ಹಂಗಿಲ್ಲ, ಒಪ್ಪಿದೆ. ಹೆಂಡತಿಯ ಹಂಗು ಇದೆಯಲ್ಲ ಸ್ವಾಮಿ, ಅದಕ್ಕೇನು ಮಾಡೋಣ? ತುಮಕೂರಿನ ಬಟವಾಡಿಯ ಹನುಮಂತರಾಜು ತನ್ನ ನಲವತ್ತೇಳನೆಯ ವಯಸ್ಸಿನಲ್ಲಿ, ಒಂದು ಸೋಮವಾರ ಸಂಜೆ, ಕೈಕಾಲು ತೊಳೆದುಕೊಂಡು ನಡುಮನೆಯಲ್ಲಿ ನಿಂತು, ಇವತ್ತಿನಿಂದ ಈ ಮನೆಯಲ್ಲಿ ಆರರಿಂದ ಏಳರವರೆಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ ಎಂದು ರಾಜಾಜ್ಞೆ ಹೊರಡಿಸಿದ. ಅವರೆಕಾಯಿ ಸುಲಿಯುತ್ತಾ ಕೂತಿದ್ದ ಪ್ರೇಮಲತಾ ತಲೆಯೆತ್ತಿದಳು. ಅವನು ಎದೆಯುಬ್ಬಿಸಿ ಒಂದು ವಾಕ್ಯ ಒದರಿದ (ಕಾಫಿ ಕೊಡು ಎಂಬುದನ್ನೇ ಬಹಳ ಸಭ್ಯವಾಗಿ, ಸುತ್ತಿ ಬಳಸಿ). ಅವಳು ನಕ್ಕಳು. ಮೊರ ಮಗುಚಿ, ಕಾಳೆಲ್ಲ ಸೋಫಾದ ಕೆಳಗೆ ಹೋಗಿ, ಪಕ್ಕದ ಮನೆಯವರು ಏನಾಯಿತೆಂದು ಕಿಟಕಿಯಲ್ಲಿ ಇಣುಕುವ ತನಕ ನಕ್ಕಳು. ಆ ಸಂಜೆ ಕಾಫಿ ಬರಲಿಲ್ಲ. ರಾಜಾಜ್ಞೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಬಿದ್ದುಹೋಯಿತು.

ಅವನಿಗೇನು ಇಂಗ್ಲಿಷಿನ ಖಯಾಲಿಯೇ? ಪಾಪ, ಅದೂ ಅಲ್ಲ. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದ. ಮೆಷಿನ್ನಿನ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲವನು. ಈಗ ಜರ್ಮನಿಯ ಗಿರಾಕಿಗಳು ಮೂರು ತಿಂಗಳಲ್ಲಿ ಕಾರ್ಖಾನೆ ನೋಡಲು ಬರುವವರಿದ್ದರು. ಅವರನ್ನು ಸುತ್ತಾಡಿಸಿ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಬಲ್ಲವನೇ ಸೆಕ್ಷನ್ ಇನ್‌ಚಾರ್ಜ್ ಆಗುತ್ತಾನೆ ಎಂದು ಮ್ಯಾನೇಜರು ಸಾರಿಬಿಟ್ಟಿದ್ದರು. ಎದುರಾಳಿ ಕುಣಿಗಲ್ಲಿನ ಅಂಜನ್‌ಕುಮಾರ್. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು, ಸ್ಪ್ಯಾನರ್ ಹಿಡಿಯಲು ಹೇಳಿಕೊಟ್ಟವನೇ ಹನುಮಂತರಾಜು. ಮೆಷಿನ್ ಕೆಟ್ಟರೆ ಅಂಜನ್‌ಕುಮಾರ್ ರಿಪೇರಿ ಮಾಡುತ್ತಿರಲಿಲ್ಲ, ಆದರೆ ಯಾಕೆ ಕೆಟ್ಟಿತು ಎಂಬುದನ್ನು ಇಂಗ್ಲಿಷಿನಲ್ಲಿ ಅರ್ಧ ಗಂಟೆ ಹೇಳುತ್ತಿದ್ದ. ಅವನ ಕೈಕೆಳಗೆ ನಿಂತು ಸಲಾಮು ಹೊಡೆಯುವ ದಿನ ಬಂದರೆ ಕೆಲಸ ಬಿಟ್ಟು ರಾಗಿ ಹೊಲಕ್ಕೆ ಹೋಗುತ್ತೇನೆ, ಅದಕ್ಕೆ ಮೊದಲು ಒಂದು ಕೈ ನೋಡಿಯೇ ಬಿಡುತ್ತೇನೆ ಎಂದು ಹನುಮಂತರಾಜು ಹಲ್ಲು ಕಚ್ಚಿ ನಿರ್ಧರಿಸಿದ. ಅವನು ಹಲ್ಲು ಕಚ್ಚಿದರೆ ಮುಗಿಯಿತು. ಜಗಮೊಂಡ.

ತುಮಕೂರಿನಲ್ಲಿ ಕ್ರಾಸಿಗೊಂದು ಸ್ಪೋಕನ್ ಇಂಗ್ಲಿಷ್ ಕ್ಲಾಸು ಇದೆ. ಆದರೆ ಅಲ್ಲಿ ಕಾರ್ಖಾನೆಯವರ ಮಕ್ಕಳೇ ಕೂತಿರುತ್ತಾರೆ. ಹಾಗಾಗಿ ಅವನು ಡ್ಯೂಟಿ ಮುಗಿಸಿ, ಓವರ್‌ಟೈಮ್ ಎಂದು ಹೆಂಡತಿಗೆ ಸುಳ್ಳು ಹೇಳಿ, ಬಸ್ಸು ಹತ್ತಿ ಗುಬ್ಬಿಗೆ ಹೋದ. ಅಲ್ಲಿಯ ಟೀಚರ್ ಶ್ರೀರಂಜನಿ, ಅವನ ಅರ್ಧ ವಯಸ್ಸಿನವಳು, ಮೊದಲನೆಯ ಪಾಠ ಕೊಟ್ಟಳು: ನೀವು ಯಾರು, ಎಲ್ಲಿಂದ ಬಂದಿರಿ, ನಿಮಗೇನು ಬೇಕು, ಈ ಮೂರಕ್ಕೆ ನಿಲ್ಲಿಸದೆ ಉತ್ತರ ಹೇಳಬೇಕು. ಹನುಮಂತರಾಜು ಬರೆದ, ಉರು ಹೊಡೆದ, ಎದ್ದು ನಿಂತ, ಬೆವತ, ಕೂತ. ಮೂರು ವಾರ ಇದೇ ಆಯಿತು. ಕೊನೆಗೆ ಅವಳೇ ಮರುಕಪಟ್ಟು, ಸಾರ್, ನಿಮಗೆ ಇಂಗ್ಲಿಷ್ ಬರುತ್ತದೆ, ಧೈರ್ಯ ಬರುವುದಿಲ್ಲ ಅಷ್ಟೇ, ನಿಮ್ಮನ್ನು ನೋಡಿ ನಗದೇ ಇರುವವರ ಮುಂದೆ ದಿನಾ ಮಾತಾಡಿ ಎಂದಳು. ಬಸ್ಸಿನಲ್ಲಿ ವಾಪಸು ಬರುವಾಗ ಅವನು ಪರಿಚಯದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡ. ನಗದೇ ಇರುವವರು ಒಬ್ಬರೂ ಸಿಗಲಿಲ್ಲ.

ಸಿಕ್ಕಿದ್ದು ತೆಂಗಿನ ಮರಗಳು. ನಿಟ್ಟೂರಿನಲ್ಲಿ ಅವನ ತಮ್ಮ ನೋಡಿಕೊಳ್ಳುವ ಮನೆತನದ ತೋಟವಿತ್ತು, ಅವ್ವ ಸುಬ್ಬಲಕ್ಷ್ಮಮ್ಮ ತಮ್ಮನ ಜೊತೆಗೇ ಇದ್ದಳು. ಭಾನುವಾರ ಬಂತೆಂದರೆ ಹನುಮಂತರಾಜು ರೈಲು ಹತ್ತಿ ನಿಟ್ಟೂರಿನಲ್ಲಿ ಇಳಿದು, ಅವ್ವನಿಗೆ ಮುಖ ತೋರಿಸಿ, ತೋಟ ಸೇರುತ್ತಿದ್ದ. ಸೊಟ್ಟ ಮರವೊಂದನ್ನು ಹಿರಿಯ ಜರ್ಮನ್ ಸಾಹೇಬನೆಂದೂ, ಸುಳಿಗೆ ದುಂಬಿ ಹೊಡೆದ ಮರವನ್ನು ಮ್ಯಾನೇಜರೆಂದೂ, ಪಂಪ್‌ಸೆಟ್ಟನ್ನು ಲೇಥ್ ಮೆಷಿನ್ನೆಂದೂ ಭಾವಿಸಿದ. ಸೊಟ್ಟ ಮರಕ್ಕೆ ಬಾಗಿ ವಂದಿಸಿ, ಅದರ ಜೋತುಬಿದ್ದ ಗರಿ ಹಿಡಿದು ಕೈ ಕುಲುಕಿ, ಕ್ಲಾಸಿನ ಪುಸ್ತಕದಲ್ಲಿ ಹೇಳಿದ್ದಂತೆ ಸೌಮ್ಯವಾಗಿ ನಕ್ಕು, ಈ ಕಡೆ ದಯಮಾಡಿಸಿ ಎಂದು ಪಂಪ್‌ಸೆಟ್ಟಿನತ್ತ ಕರೆದುಕೊಂಡು ಹೋದ. ಮೊದಲ ಭಾನುವಾರ ನಾಲಿಗೆ ತೊಡರಿತು, ಎರಡನೆಯ ಭಾನುವಾರ ಸಡಿಲವಾಯಿತು. ಮೂರನೆಯ ಭಾನುವಾರ ಅವನು ಸೊಟ್ಟ ಮರದ ಪ್ರಶ್ನೆಗಳಿಗೂ ಉತ್ತರ ಕೊಡುತ್ತಿದ್ದ. ಜೀವಮಾನದಲ್ಲಿ ಅವನು ಅಷ್ಟು ಖುಷಿಯಾಗಿದ್ದದ್ದೇ ಇಲ್ಲ.

ಇದನ್ನೆಲ್ಲ ಸುಬ್ಬಲಕ್ಷ್ಮಮ್ಮ ಬೇಲಿಯ ಮರೆಯಿಂದ ನೋಡಿದಳು. ಒಂದಲ್ಲ, ಮೂರು ಭಾನುವಾರ. ಆಮೇಲೆ ಸೊಸೆಗೆ ಫೋನು ಮಾಡಿದಳು.

"ಪ್ರೇಮ, ಇವ್ನು ಮಟಮಟ ಮಧ್ಯಾಹ್ನ ತೆಂಗಿನಮರಕ್ಕೆ ಕೈ ಕೊಟ್ಟು ಹಲ್ಲು ಕಿರೀತಾವ್ನೆ ಕಣವ್ವ. ಅದೇನೋ ಒಟಗುಟ್ತಾವ್ನೆ, ನಮ್ ಮಾತಲ್ಲ. ಮೊದ್ಲು ಹೊರಟು ಬಾ."

ಪ್ರೇಮಲತಾಳ ಎದೆ ಧಸಕ್ಕೆಂದಿತು. ಮನೆಯಲ್ಲಿ ಇಂಗ್ಲಿಷ್ ಸುದ್ದಿ ಅವತ್ತೇ ಮುಗಿದಿತ್ತಾದ್ದರಿಂದ ಅವಳಿಗೆ ಅದು ಹೊಳೆಯಲೇ ಇಲ್ಲ. ಬಚ್ಚಲಿನಲ್ಲೂ ಒಬ್ಬರೇ ಮಾತಾಡುತ್ತಾರೆ ಅತ್ತೆ, ಕನ್ನಡಿ ಮುಂದೆ ನಗುತ್ತಾರೆ, ಊಟ ಸೇರುತ್ತಿಲ್ಲ ಎಂದು ತನ್ನ ಪಾಲಿನ ಸಾಕ್ಷ್ಯವನ್ನೂ ಸೇರಿಸಿದಳು. ಅತ್ತೆ ಸೊಸೆ ಇಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಮದುವೆಯಾದ ಮೇಲೆ ಅದೇ ಮೊದಲು: ಇದು ಗಾಳಿಯೇ.

ನಾಲ್ಕನೆಯ ಭಾನುವಾರ ಹನುಮಂತರಾಜು ಸೊಟ್ಟ ಮರಕ್ಕೆ ಬಾಗಿ ವಂದಿಸಿ ತಲೆಯೆತ್ತಿದರೆ ಸುತ್ತ ಅರ್ಧ ಊರು ನಿಂತಿತ್ತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಪೂಜಾರಿ ಚಿಕ್ಕಬೋರಯ್ಯ ಬೇವಿನ ಸೊಪ್ಪು, ನಿಂಬೆಹಣ್ಣು ಹಿಡಿದು ಸಿದ್ಧನಾಗಿದ್ದ. ನಾಲ್ಕು ಜನ ಹಿಡಿದು ಕೂರಿಸಿದರು. ನಿಜ ಹೇಳಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪ್ರೇಮಲತಾ ನಕ್ಕ ನಗು ಅವನ ಕಿವಿಯಲ್ಲಿ ಇನ್ನೂ ಇತ್ತು. ಅರ್ಧ ಊರು ಸೇರಿಕೊಂಡು ಹಾಗೆ ನಕ್ಕರೆ ಗತಿಯೇನು? ದೆವ್ವವೇ ವಾಸಿ ಎಂದು ಬಾಯಿ ಮುಚ್ಚಿ ಕೂತ.

ಚಿಕ್ಕಬೋರಯ್ಯ ಬೇವಿನ ಸೊಪ್ಪಿನಿಂದ ಬೆನ್ನಿಗೆ ಎರಡು ಬಾರಿಸಿ ಗದರಿಸಿದ: "ಯಾರು ನೀನು? ಎಲ್ಲಿಂದ ಬಂದೆ? ಏನ್ ಬೇಕು ನಿಂಗೆ?"

ಅಯ್ಯೋ, ಮೊದಲನೆಯ ಪಾಠ. ಎರಡು ತಿಂಗಳ ಉರು, ಬೆನ್ನಿನ ಉರಿ, ಎರಡೂ ಸೇರಿ ಹನುಮಂತರಾಜುವಿನ ಕಟ್ಟೆ ಒಡೆಯಿತು. ಎದ್ದು ನಿಂತು ಇಂಗ್ಲಿಷಿನಲ್ಲಿ ಶುರು ಮಾಡಿದ. ತಾನು ಯಾರು, ಎಷ್ಟು ವರ್ಷದ ಅನುಭವ, ಎಷ್ಟು ಮೆಷಿನ್ನು, ಗುಣಮಟ್ಟವೆಂದರೇನು, ಸುರಕ್ಷತೆಯೆಂದರೇನು, ಹತ್ತು ನಿಮಿಷ ಎಲ್ಲಿಯೂ ಉಸಿರು ತೆಗೆದುಕೊಳ್ಳಲಿಲ್ಲ. ಒಬ್ಬರೂ ನಗಲಿಲ್ಲ. ಊರಿನ ಜನ ಬಾಯಿ ಬಿಟ್ಟುಕೊಂಡು, ಕೈ ಮುಗಿದುಕೊಂಡು ಕೇಳಿದರು. ಹನುಮಂತರಾಜುವಿಗೆ ಧೈರ್ಯವೆಂದರೇನೆಂದು ಗೊತ್ತಾದದ್ದು ಆವಾಗಲೇ.

ಅವನು ನಿಲ್ಲಿಸಿದ ಮೇಲೆ ಎಲ್ಲರಿಗಿಂತ ಹಿರಿಯನಾದ ದೊಡ್ಡರಂಗಯ್ಯ ಕೆಮ್ಮಿ, ಇದು ಹಿಂದಿನ ಕಾಲದಲ್ಲಿ ರೈಲು ಹಳಿ ಹಾಕಿಸಲು ಬಂದು ಇಲ್ಲೇ ಜ್ವರದಲ್ಲಿ ಸತ್ತ ಇಂಗ್ಲಿಷ್ ದೊರೆ ಎಂದು ತೀರ್ಪು ಕೊಟ್ಟ (ಅಂಥ ದೊರೆಯ ವಿಷಯ ಅವತ್ತಿನವರೆಗೆ ಯಾರೂ ಕೇಳಿರಲಿಲ್ಲ, ದೊಡ್ಡರಂಗಯ್ಯನೂ ಸೇರಿದಂತೆ). ಹನುಮಂತರಾಜು ಈಗ ಗಾಬರಿಯಾಗಿ, ದೊರೆಯೂ ಇಲ್ಲ ಗಿರೆಯೂ ಇಲ್ಲ, ಇದು ಗುಬ್ಬಿಯಲ್ಲಿ ಕಲಿತದ್ದು ಎಂದು ಕನ್ನಡದಲ್ಲಿ ಕೂಗಿದ. ದೊರೆ ಇಳಿದ ಎಂದರು ಜನ. ಕಲಿತದ್ದೇ ಎಂದು ತೋರಿಸಲು ಮತ್ತೆ ಇಂಗ್ಲಿಷಿನಲ್ಲಿ ಹೇಳಿದ. ಮತ್ತೆ ಬಂದ ಎಂದರು.

ಚಿಕ್ಕಬೋರಯ್ಯ ನಿಂಬೆಹಣ್ಣು ಕೊಯ್ಯಲು ಹೊರಟಾಗ ಪ್ರೇಮಲತಾ ಅಡ್ಡ ಬಂದಳು. ಅವಳ ಕಣ್ಣೀರು ಆರಿತ್ತು, ಲೆಕ್ಕಾಚಾರ ಶುರುವಾಗಿತ್ತು.

"ತಡೀರಿ ಪೂಜಾರಪ್ಪ. ಇವ್ರ ಫ್ಯಾಕ್ಟ್ರಿಗೆ ಜರ್ಮನಿಯೋರು ಬರೋರಿದಾರೆ. ಅದಾಗೋವರ್ಗೂ ದೊರೆ ಇರ್ಲಿ. ಆಮೇಲ್ ಬಿಡಿಸಿ."

ದೊರೆಗೆ ಕೋಳಿಯ ಬದಲು ವಾರಕ್ಕೊಮ್ಮೆ ಸೊಟ್ಟ ಮರದ ಬುಡದಲ್ಲಿ ಬ್ರೆಡ್ಡು, ಟೀ ಇಡುವುದೆಂದು ಒಪ್ಪಂದವಾಯಿತು.

ಜರ್ಮನಿಯವರು ಬಂದರು. ಅಂಜನ್‌ಕುಮಾರ್ ಮಾತು ಮುಗಿಸುವಷ್ಟರಲ್ಲಿ ಅವರು ಗಡಿಯಾರ ನೋಡಿಕೊಂಡರಂತೆ. ಹನುಮಂತರಾಜು ಮಾತಾಡುವಾಗ ಬರೆದುಕೊಂಡರು. ಹಿರಿಯ ಸಾಹೇಬ ಕೈ ಕುಲುಕಿದ, ಮ್ಯಾನೇಜರು ಬೆನ್ನು ತಟ್ಟಿದರು. ಸೆಕ್ಷನ್ ಇನ್‌ಚಾರ್ಜ್ ಹನುಮಂತರಾಜು ಮೈಸೂರುಪಾಕಿನ ಡಬ್ಬಿ ಹಿಡಿದು ಮನೆಗೆ ಬಂದರೆ ಪ್ರೇಮಲತಾ ಆಗಲೇ ನಿಟ್ಟೂರಿಗೆ ಫೋನಿನಲ್ಲಿದ್ದಳು. ದೊರೆ ಬಹಳ ಚೆನ್ನಾಗಿ ಮಾತಾಡಿದನಂತೆ ಅತ್ತೆ, ಎನ್ನುತ್ತಿದ್ದಳು.

"ಮಾತಾಡಿದ್ದು ನಾನು ಕಣೇ," ಎಂದ ಹನುಮಂತರಾಜು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ ಗೆದ್ದು ಬಂದಿದ್ದ, ಆ ಗೆಲುವೂ ದೊರೆಯ ಪಾಲಾಯಿತಲ್ಲ ಎಂದು ನಿಜಕ್ಕೂ ಹೊಟ್ಟೆ ಉರಿಯಿತು.

"ಆಯ್ತು ಬಿಡಿ ರೀ, ನೀವೇ," ಎಂದಳು ಅವಳು, ಚಂಡಿ ಹಿಡಿದವರನ್ನು ಸಮಾಧಾನ ಮಾಡುವ ದನಿಯಲ್ಲಿ.

ಹಾಗಾದರೆ ಬಿಡಿಸಿಯೇ ಬಿಡಿ ಎಂದು ಹನುಮಂತರಾಜುವೇ ಹಟ ಹಿಡಿದ. ದೊರೆಯನ್ನು ಕಳಿಸಿದ ಮೇಲೂ ನಾನು ಮಾತಾಡಿ ತೋರಿಸುತ್ತೇನೆ, ಆಗ ಗೊತ್ತಾಗುತ್ತದೆ ಇವರಿಗೆಲ್ಲ. ಚಿಕ್ಕಬೋರಯ್ಯ ಮೂರು ದಾರಿ ಕೂಡುವ ಕಡೆ ನಿಂಬೆಹಣ್ಣು ಕೊಯ್ದು, ಇಡೀ ಪೌಂಡು ಬ್ರೆಡ್ಡು ಇಟ್ಟು, ದೊರೆಯನ್ನು ಗೌರವದಿಂದ ಬೀಳ್ಕೊಟ್ಟ. ಹನುಮಂತರಾಜು ಪಕ್ಕದಲ್ಲಿ ನಿಂತು ವ್ಯಂಗ್ಯವಾಗಿ ನಕ್ಕ.

ಮಂಗಳವಾರ ಜರ್ಮನಿಯಿಂದ ವಿಡಿಯೋ ಕಾಲ್ ಬಂತು. ಹಿರಿಯ ಸಾಹೇಬ ಪರದೆಯ ಮೇಲೆ ಮೂಡಿ, ನಗುತ್ತಾ ಏನೋ ಕೇಳಿದ. ಹನುಮಂತರಾಜು ಬಾಯಿ ತೆರೆದ. ಏನೂ ಬರಲಿಲ್ಲ. ಪಕ್ಕದಲ್ಲಿ ಅಂಜನ್‌ಕುಮಾರ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ನೆಟ್‌ವರ್ಕ್ ಸರಿಯಿಲ್ಲ ಎಂದು ಕೈಸನ್ನೆ ಮಾಡಿ, ಹನುಮಂತರಾಜುವೇ ಕಾಲ್ ಕತ್ತರಿಸಿ, ಭಾನುವಾರ ಯಾವಾಗ ಬರುತ್ತದೋ ಎಂದು ದಿನ ಎಣಿಸಿದ.

ಭಾನುವಾರ ಯಾರಿಗೂ ಹೇಳದೆ ಮೊದಲ ರೈಲಿಗೆ ನಿಟ್ಟೂರಿಗೆ ಹೋದ. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ, ಫ್ಲಾಸ್ಕಿನಲ್ಲಿ ಬಿಸಿ ಟೀ, ಜೊತೆಗೆ ತಪ್ಪೊಪ್ಪಿಗೆಯ ಲೆಕ್ಕದಲ್ಲಿ ಒಂದು ಬೆಣ್ಣೆ ಬಿಸ್ಕತ್ತು. ಎಲ್ಲವನ್ನೂ ಸೊಟ್ಟ ಮರದ ಬುಡದಲ್ಲಿ ಒಪ್ಪವಾಗಿ ಜೋಡಿಸಿ, ಚಪ್ಪಲಿ ಬಿಟ್ಟು ನಿಂತು, ದೊರೆಯನ್ನು ಬೇಡಿಕೊಂಡ. ದೊರೆಗೆ ಕನ್ನಡ ತಿಳಿಯದಾದ್ದರಿಂದ ಇಂಗ್ಲಿಷಿನಲ್ಲೇ ಬೇಡಿಕೊಂಡ. ತಾನು ದುಡುಕಿದ್ದು, ಹೆಂಡತಿಯ ಮೇಲಿನ ಸಿಟ್ಟನ್ನು ದೊರೆಯ ಮೇಲೆ ತೀರಿಸಿಕೊಂಡದ್ದು, ಅಂಜನ್‌ಕುಮಾರನ ಕುರ್ಚಿ ಮುಂದೆ ಬಂದದ್ದು, ದಯವಿಟ್ಟು ವಾಪಸು ಬರಬೇಕೆಂಬುದು, ಎಲ್ಲವನ್ನೂ ಹೇಳಿದ. ಎಲ್ಲಿಯೂ ತಡವರಿಸದೆ, ಒಂದು ತಪ್ಪೂ ಮಾಡದೆ, ಕಾಲು ಗಂಟೆ ನಿಂತು, ತನಗೆ ಇಂಗ್ಲಿಷ್ ಒಂದಕ್ಷರವೂ ಬರುವುದಿಲ್ಲವೆಂದು ದೊರೆಗೆ ವಿವರಿಸಿದ.

ಬೇಲಿಯಾಚೆ ಸುಬ್ಬಲಕ್ಷ್ಮಮ್ಮ ಮೊಬೈಲು ಕಿವಿಗೆ ಒತ್ತಿ ಹಿಡಿದಿದ್ದಳು. "ಪ್ರೇಮ, ಯೋಚ್ನೆ ಮಾಡ್ಬೇಡ ಬುಡವ್ವ. ವಾಪಸ್ ಬಂದವ್ನೆ."

ಆ ಮಾತು ಹನುಮಂತರಾಜುವಿನ ಕಿವಿಗೂ ಬಿತ್ತು. ಸದ್ಯ, ಬಂದನಲ್ಲ ಎಂದು ಅವನು ಎದೆ ನೀವಿಕೊಂಡ.