ಡಬ್ಬಿಯ ಮನಸ್ಸು, ನನ್ನ ಪಾರಣೆ

ಹೊಟ್ಟೆ ತುಂಬಿದ್ದಾಗ ನಾನು ಯಾವ ಸಿದ್ಧಾಂತವನ್ನಾದರೂ ಸಮರ್ಥಿಸಬಲ್ಲೆ. ಹಸಿದಾಗ ಮಾತ್ರ ಇರುವುದು ಒಂದೇ ಸಿದ್ಧಾಂತ: ತಟ್ಟೆ ಎಲ್ಲಿ. ಮೊನ್ನೆ ದೇವದುರ್ಗದ ಕಾಲೇಜೊಂದರಲ್ಲಿ, ಯಂತ್ರಗಳಿಗೆ ಮನಸ್ಸು ಬಂದೇ ಬಿಟ್ಟಿದೆ ಎಂದು ಟೇಬಲ್ ಗುದ್ದಿ ಭಾಷಣ ಮಾಡಿದೆ. ರಾಯಚೂರಿಗೆ ಮರಳಿದ ಮೇಲೆ, ಮನೆಗೆ ಬಂದಿದ್ದ ಮಾನ್ವಿಯ ಸೋದರತ್ತೆಗೂ ಅದನ್ನೆಲ್ಲ ಇನ್ನೊಮ್ಮೆ ಒಪ್ಪಿಸಿದೆ. ಅತ್ತೆ ಹೂಬತ್ತಿ ಹೊಸೆಯುತ್ತ ಸುಮ್ಮನೆ ಕೇಳಿದರು. ಅವರು ಸುಮ್ಮನೆ ಕೇಳಿದರೆ ನಾವು ಹೆದರಬೇಕು.

ಮರುದಿನ ಏಕಾದಶಿ. ಅತ್ತೆಯೆದುರು ಮರ್ಯಾದೆ ಉಳಿಸಿಕೊಳ್ಳಲು ಈ ಸುಡುಬಿಸಿಲಲ್ಲಿ ನಾನೂ ಉಪವಾಸ ಬಿದ್ದೆ. ದ್ವಾದಶಿಯ ಬೆಳಿಗ್ಗೆ, ಉಪವಾಸ ಮುರಿಯುವ ಪಾರಣೆ ಅಡುಗೆಯ ಒಗ್ಗರಣೆ ವಾಸನೆಯೇ ನನ್ನನ್ನು ಎಬ್ಬಿಸಿತು. ಅತ್ತೆ ಮಡಿಯುಟ್ಟು ಅಡುಗೆ ಮುಗಿಸುತ್ತಿದ್ದರು; ಸ್ನಾನವಾಗದವರು ಒಳಗೆ ಕಾಲಿಟ್ಟರೆ ಅಷ್ಟೂ ಮೈಲಿಗೆ, ಮೊದಲಿನಿಂದ ಮತ್ತೆ ಬೇಯಿಸಬೇಕು. ಹೊಸ್ತಿಲಾಚೆ ನನ್ನ ಪಕ್ಕ ನಿಂತಿದ್ದ ಹೆಂಡತಿ, ಅಡುಗೆಕಟ್ಟೆಯ ಮೇಲಿನ ಮಾತಾಡುವ ಡಬ್ಬಿಯನ್ನು, ಅಂದರೆ ಸ್ಮಾರ್ಟ್ ಸ್ಪೀಕರನ್ನು, ಸಮಯ ಕೇಳಿದಳು. ಅದು ಹೇಳಿತು. ಅತ್ತೆಯ ಸೌಟು ನಿಂತಿತು.

"ಏನಪಾ, ಇದಕ್ಕ ಮನಸ್ಸು ಅದ ಅಂದಿದ್ದಿ. ಮನಸ್ಸಿದ್ದಮ್ಯಾಲ ಅದೂ ಮಂದ್ಯಾಗ ಲೆಕ್ಕ. ಸ್ನಾನ ಇಲ್ದ ನನ್ನ ಒಲಿ ಬಾಜೂಕ ಕೂತದಲ್ಲ, ಈ ಅಡಿಗಿ ದೇವರಿಗೆ ಹೆಂಗ ತೋರಸ್ಲಿ?"

ನಾನು ತಕ್ಷಣ ಮಾತು ತಿರುಗಿಸಿದೆ. "ಅತ್ಯಾ, ಅದಕ್ಕ ಮನಸ್ಸೂ ಇಲ್ಲ, ಮಣ್ಣೂ ಇಲ್ರಿ. ಬರೇ ವಾಯರು."

"ಮೊನ್ನಿ ಟೇಬಲ್ ಗುದ್ದಿದ್ದು?"

"ಅದು ಭಾಷಣರಿ."

"ನೀ ಸುಮ್ಕಿರು. ಅದನ್ನ ಕೇಳೂಣು," ಎಂದರು. ಹೆಂಡತಿ ಡಬ್ಬಿಯನ್ನು, ನಿನಗೆ ಮನಸ್ಸಿದೆಯೇ ಎಂದು ಕೇಳಿದಳು. ಡಬ್ಬಿ ವಿನಯದಿಂದ, "ಕ್ಷಮಿಸಿ, ಅದು ನನಗೆ ಗೊತ್ತಿಲ್ಲ," ಎಂದಿತು.

ನನಗೆ ಮೈಯೆಲ್ಲ ಉರಿಯಿತು. ನನ್ನ ಊಟ ನಿಂತಿರುವುದೇ ಇದರ ಮಾತಿನ ಮೇಲೆ, ಇದಕ್ಕೆ ಗೊತ್ತಿಲ್ಲವಂತೆ. ಸರ್ರನೆ ಹೋಗಿ ಡಬ್ಬಿಯನ್ನು ಕಿತ್ತುಕೊಂಡು, ಮಗುಚಿ, ತಳದ ತೂತುಗಳನ್ನು ಅತ್ತೆಗೆ ತೋರಿಸಿದೆ. "ನೋಡ್ರಿ, ಎಲ್ಲಿ ಅದ ಮನಸ್ಸು?"

ಅತ್ತೆ ಸ್ವಲ್ಪ ಯೋಚಿಸಿ ತೀರ್ಪು ಕೊಟ್ಟರು. "ಖರೇ ಅದ, ಇದಕ್ಕ ಮನಸ್ಸಿಲ್ಲ. ನಮ್ಮ ಮನತನದಾಗ ಮನಸ್ಸಿದ್ದವರು ಒಬ್ಬರೂ ಇವತ್ತಿನ ತನಕ ಗೊತ್ತಿಲ್ಲ ಅಂದಿಲ್ಲ. ಇದರಿಂದ ಅಡಿಗಿಗೇನೂ ಆಗಿಲ್ಲ."

ಗೆದ್ದೆ. ಎಲೆ ಹಾಕೆಂದು ಹೇಳಲು ತಿರುಗಿದರೆ, ಹೆಂಡತಿ ಹೊಸ್ತಿಲಾಚೆಯಿಂದ ನನ್ನ ಕಾಲುಗಳನ್ನೇ ನೋಡುತ್ತಿದ್ದಳು. ನಾನು ಒಲೆಯ ಪಕ್ಕದಲ್ಲಿದ್ದೆ, ಹಾಸಿಗೆಯಿಂದ ಎದ್ದ ಬನಿಯನ್ನಿನಲ್ಲೇ.

ಅತ್ತೆ ಗ್ಯಾಸ್ ಆರಿಸಿ, ಅನ್ನ ಚೆಲ್ಲಲು ಪಾತ್ರೆಗೆ ಕೈಹಾಕಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿನಗಂತೂ ಮನಸ್ಸು ಅದ, ಹೌದಿಲ್ಲೋ?"

"ಗೊತ್ತಿಲ್ರಿ ಅತ್ಯಾ," ಎಂದೆ.