ಬಾಗಿಲಿಗೆ ಬಿಟ್ಟ ಎಣ್ಣೆ

ನನ್ನ ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆಯೆಂದು ಡಾಕ್ಟರು ಹೇಳಿದ ದಿನದಿಂದ ನನ್ನ ಬಾಳು ಬೇಯಿಸಿದ ಸೋರೆಕಾಯಿಯಾಗಿದೆ. (ಮಾತಿನಲ್ಲಿ ಮಾತ್ರ ಕೊಬ್ಬು ಚೂರೂ ಉಳಿದಿಲ್ಲ. ಮದುವೆಯಾಗಿ ಬಹಳ ಕಾಲವಾಯಿತಲ್ಲ!) ಡಾಕ್ಟರು ಹೇಳಿದ್ದು "ಎಣ್ಣೆ ಸ್ವಲ್ಪ ಕಡಿಮೆ ಮಾಡಿ" ಎಂದಷ್ಟೇ. ಹೆಂಡತಿಯ ಕಿವಿ ತಲುಪುವಷ್ಟರಲ್ಲಿ ಅದು ಸಂಪೂರ್ಣ ನಿಷೇಧಾಜ್ಞೆಯಾಯಿತು.

"ಕಡಿಮೆ ಅಂದ್ರೆ ಒಂದು ಚಮಚ ಹಾಕಬಹುದಲ್ವೇನೇ?" ಎಂದು ಗೋಗರೆದೆ.

ನಡುಮನೆಯಲ್ಲಿ ವಿಜ್ಞಾನದ ಪಾಠ ಓದುತ್ತಿದ್ದ ಮಗಳು ಅಲ್ಲಿಂದಲೇ ಕೂಗಿದಳು. "ಅಮ್ಮಾ, ಇಲ್ನೋಡು! ದ್ರವರೂಪದಲ್ಲಿರೋ ಕೊಬ್ಬಿಗೇ ಎಣ್ಣೆ ಅಂತಾರಂತೆ!"

"ಕೇಳಿಸ್ತಾ?" ಹೆಂಡತಿ ಸೌಟು ಎತ್ತಿದಳು. "ಕೊಬ್ಬಿರೋರಿಗೆ ಇನ್ನೂ ಕೊಬ್ಬು ಹುಯ್ಯಬೇಕಾ?"

ರಸಾಯನಶಾಸ್ತ್ರವೂ ಅವಳ ತವರಿನ ಕಡೆ ಸೇರಿಕೊಂಡಿತು. ಮಗಳು ಎಣ್ಣೆಯ ಉಪಯೋಗಗಳನ್ನು ಓದುತ್ತಾ ಹೋದಳು: ಅಡುಗೆಗೆ, ಸಾಬೂನಿಗೆ, ಬಣ್ಣಕ್ಕೆ, ಕೀಲುಗಳು ಸಲೀಸಾಗಿ ಆಡಲಿಕ್ಕೆ... ಕೀಲು! ನಾನು ಕೂತಲ್ಲೇ ನೆಟ್ಟಗಾದೆ.

ಅಡುಗೆಮನೆಯ ಕಪಾಟಿನಲ್ಲಿ ಮಗಳಿಗೆಂದು ಇಟ್ಟ ಒಂದು ಡಬ್ಬ ಆಲೂಗಡ್ಡೆ ಚಿಪ್ಸ್ ಇತ್ತು. ಕಪಾಟಿನ ಬಾಗಿಲು ಮುಟ್ಟಿದರೆ ಸಾಕು, ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚುತ್ತಿತ್ತು. ಹೆಂಡತಿ ಯಾವ ಮೂಲೆಯಲ್ಲಿದ್ದರೂ "ಯಾರದು?" ಎಂದು ಓಡಿಬರುವಳು. ಹೀಗೆ ಎಷ್ಟು ಸಲ ಸಿಕ್ಕಿಬಿದ್ದೆನೋ!

"ಸ್ವಲ್ಪ ಎಣ್ಣೆ ಕೊಡೇ, ಕಪಾಟಿನ ಬಾಗಿಲಿಗೆ ಬಿಡ್ತೀನಿ," ಎಂದೆ.

ನನ್ನ ಬಾಯಲ್ಲಿ ಮನೆಕೆಲಸದ ಮಾತು ಕೇಳಿ ಅವಳ ಮುಖ ಅರಳಿತು. "ಹಾಗೇ ನಮ್ಮ ರೂಮಿನ ಬಾಗಿಲಿಗೂ ಬಿಡ್ರೀ."

ನಮ್ಮ ಜೊತೆಗೇ ಇರುವ ಅತ್ತೆಯೂ ದನಿಗೂಡಿಸಿದರು. "ನನ್ನ ಕೋಣೆದೂ ಬಹಳ ಕಿರುಗುಟ್ಟುತ್ತೆ, ಅಳಿಯಂದ್ರೇ."

ಈ ಮರ್ಯಾದೆಗೆ ಉಬ್ಬಿ ಮನೆಯ ಬಾಗಿಲುಗಳಿಗೆಲ್ಲ ತೈಲಾಭಿಷೇಕ ಮಾಡಿದೆ. ನನ್ನ ಪಾಲಿನ ಎಣ್ಣೆಯನ್ನು ಅವು ಕುಡಿಯುವುದನ್ನು ನೋಡಿ ಹೊಟ್ಟೆ ಉರಿಯಿತು.

ಮಧ್ಯಾಹ್ನ ಎಲ್ಲರೂ ಮಲಗಿದರು. ಮೆಲ್ಲಗೆ ಕಪಾಟು ತೆರೆದೆ. ಸದ್ದೇ ಇಲ್ಲ! ಒಂದು ಚಿಪ್ಸ್ ನಾಲಿಗೆಯ ಮೇಲಿಟ್ಟುಕೊಂಡೆ. ಕಡಿದರೆ ಕರುಂ ಎಂದೀತೆಂದು, ನೆನೆದು ಮೆತ್ತಗಾಗಲೆಂದು ಕಣ್ಣು ಮುಚ್ಚಿ ಕಾದೆ. ಕಣ್ಣಲ್ಲಿ ನೀರೇ ಬಂತು.

"ಉಪ್ಪು ಸರಿಯಾಗಿದ್ಯಾ, ಅಳಿಯಂದ್ರೇ?"

ನೀರು ಕುಡಿಯಲು ಎದ್ದುಬಂದ ಅತ್ತೆ! ಅವರ ಹಿಂದೆ ಹೆಂಡತಿ. ಅವಳ ಹಿಂದೆ ಪುಸ್ತಕ ಹಿಡಿದ ಮಗಳು. ಒಂದು ಬಾಗಿಲಾದರೂ ಕಿರುಚಬಾರದಿತ್ತೇ? ಅಯ್ಯೋ, ಎಲ್ಲದರ ಬಾಯಿಯನ್ನೂ ನಾನೇ ಮುಚ್ಚಿಸಿದ್ದೆ.

"ಏನಿಲ್ಲ, ಎಣ್ಣೆ ಸರಿಯಾಗಿ ಇಳಿದಿದ್ಯಾ ಅಂತ ನೋಡ್ತಿದ್ದೆ," ಎನ್ನಲು ಬಾಯಿ ತೆರೆದೆ. ಚಿಪ್ಸ್ ಜಾರಿ ನೆಲಕ್ಕೆ ಬಿತ್ತು. ಅದೊಂದನ್ನೂ ನುಂಗಿರಲಿಲ್ಲ.

ಡಬ್ಬ ಈಗ ಅತ್ತೆಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಅದರ ಮುಚ್ಚಳ ಎತ್ತಿದರೆ ಪಕ್ಕದ ಮನೆಯವರೂ ಕಿಟಕಿ ತೆರೆದು ನೋಡುತ್ತಾರೆ. ನಿನ್ನೆ ಎಣ್ಣೆಯ ಬಟ್ಟಲು ಹಿಡಿದು, ಕೈಕಟ್ಟಿ ನಿಂತವನಷ್ಟೇ ವಿನಯದಿಂದ ಕೇಳಿದೆ. "ಪೆಟ್ಟಿಗೆ ಮುಚ್ಚಳದ ಕೀಲಿಗೂ ಒಂದು ತೊಟ್ಟು ಬಿಡ್ಲಾ, ಅತ್ತೆ?"

"ಬೇಡಪ್ಪಾ ಬೇಡ," ಎಂದರು ಅತ್ತೆ, ಬಟ್ಟಲು ಕಿತ್ತುಕೊಳ್ಳುತ್ತಾ. "ನಿಮ್ಮ ಆರೋಗ್ಯಕ್ಕೆ ಒಳ್ಳೇದಲ್ಲ."