ಚಿನ್ನಿಗೆ ಚಳಿ ತಾಗಬಾರದು

"ರೀ, ಚಿನ್ನಿಗೆ ಚಳಿ ತಾಗದ ಹಾಗೆ ನೋಡ್ಕೊಳ್ಳಿ. ತಣ್ಣೀರಲ್ಲಿ ಸ್ನಾನ ಮಾಡಿಸಬೇಡಿ."

ಆಸ್ಪತ್ರೆಯಲ್ಲಿ ನನ್ನ ಹೆಂಡತಿ ನನಗೆ ಹೇಳಿದ ಕೊನೇ ಮಾತು ಇದು. ನನ್ನ ಬಗ್ಗೆ ಏನೂ ಹೇಳಲಿಲ್ಲ. ಇವರು ಹೇಗೋ ಇರ್ತಾರೆ ಅಂದುಕೊಂಡಳೋ ಏನೋ.

ಚಿನ್ನಿ ನಮ್ಮ ನಾಯಿ. ಮೈ ಉದ್ದ, ಕಾಲು ಗಿಡ್ಡ, ಕೂದಲು ಇದೆ ಅಂದರೆ ಇದೆ. ಹೊಟ್ಟೆ ನೆಲಕ್ಕೆ ಸವರಿಕೊಂಡೇ ನಡೆಯುತ್ತೆ. ವಯಸ್ಸೂ ಆಗಿದೆ.

ಚೆನ್ನೈನಲ್ಲಿ ಎಂಥಾ ಚಳಿ ಅಂತ ಊರ ಕಡೆ ನೆಂಟರು ನಗ್ತಾರೆ. ನಗಲಿ. ನಮ್ಮ ಧನುರ್ಮಾಸ, ಇಲ್ಲಿಯವರ ಮಾರ್ಗಳಿ, ಅದು ಬಂತು ಅಂದರೆ ಬೀದಿಯ ಗಂಡಸರೆಲ್ಲ ಮಂಕಿ ಕ್ಯಾಪ್ ಹಾಕ್ತಾರೆ. ಫ್ಯಾನ್ ಮಾತ್ರ ನಿಲ್ಲಿಸಲ್ಲ. ಅವಳು ಹೋದ ಮೇಲೆ ಬಂದ ಮೊದಲ ಮಾರ್ಗಳಿ. ಅವಳ ಆ ಒಂದು ಮಾತು ನಡೆಸಿಕೊಟ್ಟರೆ ಸಾಕು ಅಂತ ಹೊರಟೆ. ಹೊರಟ ದಿನದಿಂದ ಒಂದಲ್ಲ ಒಂದು ಆಗ್ತಾನೇ ಇದೆ.

ಸ್ವೆಟರ್

ಪಲ್ಲಾವರಂ ಸಂತೆಗೆ ಹೋದೆ. ಹಳೇ ಬಟ್ಟೆ ಗುಡ್ಡೆ ಹಾಕ್ಕೊಂಡು ಒಬ್ಬ ಹೆಂಗಸು ಕೂತಿದ್ದಳು. ಚಿಕ್ಕ ಸ್ವೆಟರ್ ಇದೆಯಾ ಅಂದೆ. ಇಲ್ಲಿ ಮಾತೆಲ್ಲ ತಮಿಳು. ನನಗೆ ಬರೆಯೋಕೆ ಬರೋದು ಕನ್ನಡ, ಹಾಗೇ ಬರೀತೀನಿ.

"ಗಂಡಾ, ಹೆಣ್ಣಾ ಅಯ್ಯಾ?"

"ಹೆಣ್ಣು."

"ವಯಸ್ಸು?"

"ಹತ್ತಾಯ್ತು."

ದೊಡ್ಡದೊಂದು ತೆಗೆದಳು. ಇಷ್ಟು ಬೇಡಮ್ಮಾ ಅಂತ ಎರಡು ಕೈಯಲ್ಲಿ ಅಳತೆ ತೋರಿಸಿದೆ. ಅವಳ ಮುಖ ಸಣ್ಣಗಾಯಿತು.

"ಹತ್ತು ವರ್ಷಕ್ಕೆ ಇಷ್ಟೇನಾ? ನಡೆಯುತ್ತಾ?"

"ನಡೆಯುತ್ತೆ. ಮೆಟ್ಟಿಲು ಮಾತ್ರ ಆಗಲ್ಲ. ನಾನೇ ಎತ್ತಿಕೊಂಡು ಇಳಿಸ್ತೀನಿ."

"ಮಾತು?"

"ಮಾತೆಲ್ಲಿ ಬಂತು. ಯಾರಾದ್ರೂ ಬೆಲ್ ಒತ್ತಿದರೆ ಕೂಗುತ್ತೆ."

ಕಣ್ಣಿಗೆ ಸೆರಗು ಹಚ್ಚಿಕೊಂಡಳು. ಗುಡ್ಡೆಯೆಲ್ಲ ಕೆದಕಿ, ಇದ್ದುದರಲ್ಲಿ ಚೆನ್ನಾಗಿರುವ ಒಂದು ಕೆಂಪು ಸ್ವೆಟರ್ ಹುಡುಕಿ ಕೈಗಿಟ್ಟಳು. ಬಾಲಕ್ಕೆ ಅಡ್ಡ ಬರುತ್ತಾ ಅಂತ ಕೇಳೋಣ ಅಂತಿದ್ದೆ. ಕೇಳಲಿಲ್ಲ.

ಹಾಸಿಗೆ

ಚಿನ್ನಿ ಮಲಗೋದು ಬರೀ ನೆಲದ ಮೇಲೆ. ಗೋಣಿಚೀಲದ ಮೇಲೆ ಕಂಬಳಿ ಹಾಸಿಕೊಟ್ಟೆ. ಬರಲಿಲ್ಲ. ಹೆಂಡತಿ ಕರೆದರೆ ಓಡಿ ಬರ್ತಿತ್ತು. ನಾನು ಕರೆದರೆ, ನನ್ನ ಹಿಂದೆ ಅವಳಿದ್ದಾಳಾ ಅಂತ ನೋಡುತ್ತೆ.

ಹೇಗೆ ಮಲಗೋದು ಅಂತ ತೋರಿಸೋಣ ಅಂತ ನಾನೇ ಗೋಣಿ ಮೇಲೆ ಮುದುರಿಕೊಂಡೆ. ಚಿನ್ನಿ ನಿಂತು ನೋಡಿತು. ಆಮೇಲೆ ಕಾಲ್ಮಣೆ ಹತ್ತಿ, ಅಲ್ಲಿಂದ ನನ್ನ ಮಂಚ ಹತ್ತಿ, ದಿಂಬಿಗೆ ತಲೆ ಇಟ್ಟಿತು.

ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬಂದ. ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ನಾನು, ಮಂಚದ ಮೇಲೆ ಕೆಂಪು ಸ್ವೆಟರ್ ಹಾಕಿದ ಚಿನ್ನಿ. ಇಬ್ಬರನ್ನೂ ನೋಡಿ ಜೇಬಿಂದ ಚೀಟಿ ತೆಗೆದ.

"ಸಾರ್, ಸೈನ್ ನೀವೇ ಹಾಕ್ತೀರಾ, ಇಲ್ಲಾ ಅವರನ್ನ ಎಬ್ಬಿಸಲಾ?"

ಕೋಲಂ

ಕೆಳಮನೆಯಲ್ಲಿ ಒಬ್ಬರು ಅಯ್ಯಂಗಾರ್ ಮಾಮಿ. ಬಲು ಮಡಿ. ಮಾರ್ಗಳಿಯಲ್ಲಿ ಕತ್ತಲಿರುವಾಗಲೇ ಎದ್ದು ಗೇಟಿನಿಂದ ಬಾಗಿಲ ತನಕ ಅಕ್ಕಿಹಿಟ್ಟಿನ ರಂಗೋಲಿ ಹಾಕ್ತಾರೆ. ಇಲ್ಲಿ ಕೋಲಂ ಅಂತಾರೆ. ನಾನು ಬಿಸಿಲು ಬಂದ ಮೇಲೆ ಚಿನ್ನಿಯನ್ನ ಇಳಿಸಿ ಗೇಟಿಗೆ ಕಟ್ಟಿ ಹಾಲಿಗೆ ಹೋಗ್ತೀನಿ. ಕಟ್ಟೋ ಮುಂಚೆ ಅದು ಒಂದು ಸಲ ಕೋಲಂ ದಾಟಿಯೇ ದಾಟುತ್ತೆ. ಬೇರೆ ನಾಯಿ ದಾಟಿದರೆ ಹೆಜ್ಜೆ ಮೂಡುತ್ತೆ. ಇದು ದಾಟಿದರೆ ರಸ್ತೆ ಬೀಳುತ್ತೆ.

"ಸಾರ್! ನೀವು ಸಾಕಿರೋದು ನಾಯೀನಾ, ಪೊರಕೆನಾ?"

ದಿನಾ ಬೈಗುಳ. ನಾನು ತಲೆ ಬಗ್ಗಿಸಿಕೊಂಡು ಹೋಗ್ತಿದ್ದೆ. ಒಂದು ದಿನ ಮಾಮಿ ಕೋಲಂ ನಡುವೆ ಜಾಗ ಬಿಟ್ಟೇ ಹಾಕಿದ್ದರು. ಚಿನ್ನಿ ಆ ಜಾಗ ಬಿಟ್ಟು ಪಕ್ಕದಲ್ಲಿ ಹೋಯಿತು.

ತೂಕ

ನಗು ಬರದ ಸಂಗತಿಯೂ ಒಂದಿತ್ತು. ಚಿನ್ನಿ ಊಟ ಬಿಟ್ಟಿತ್ತು. ನಾನು ಹಾಕಿದ ಹಾಲು ಅನ್ನ ಹಾಗೇ ಇರ್ತಿತ್ತು. ಚಳಿಗೋ, ಅವಳ ನೆನಪಿಗೋ. ಇದೂ ಹೋದರೆ ಅವಳಿಗೆ ಏನು ಹೇಳಲಿ ಅಂತ ಹೆದರಿಕೆ. ಅದರ ತಟ್ಟೆ ಮುಂದೆ ನಾನೂ ಕೂತಿರ್ತಿದ್ದೆ. ನನಗೂ ತುತ್ತು ಇಳೀತಿರಲಿಲ್ಲ. ಒಂದು ದಿನ ನೋಡ್ತೀನಿ, ಹೊಟ್ಟೆಯೆಲ್ಲ ಬೆಳ್ಳಗೆ, ಪುಡಿಪುಡಿ. ಚರ್ಮದ ಕಾಯಿಲೆ ಅಂತ ಆಟೋ ಹತ್ತಿದೆ.

ನಾಯಿ ಡಾಕ್ಟರಮ್ಮ ಬೆರಳಲ್ಲಿ ಉಜ್ಜಿ ನೋಡಿದರು. "ಸಾರ್, ಇದು ಅಕ್ಕಿಹಿಟ್ಟು."

"ಊಟಾನೇ ಮಾಡಲ್ಲಮ್ಮಾ."

ತೂಕ ನೋಡಬೇಕು ಅಂದರು. ಚಿನ್ನಿ ತಕ್ಕಡಿ ಮೇಲೆ ನಿಲ್ಲಲ್ಲ. ಅದನ್ನ ಎತ್ತಿಕೊಂಡು ನಾನು ನಿಲ್ಲಬೇಕು, ಆಮೇಲೆ ನಾನೊಬ್ಬನೇ ನಿಲ್ಲಬೇಕು, ಅವರು ಕಳೀತಾರೆ. ಯಾವಾಗಲೂ ನಾನೇ ನಿಲ್ಲೋದು. ಹೆಂಡತಿ ಪರರ ಮುಂದೆ ತೂಕಕ್ಕೆ ನಿಂತವಳಲ್ಲ.

ಡಾಕ್ಟರಮ್ಮ ಕಂಪ್ಯೂಟರ್ ನೋಡಿದರು, ನನ್ನ ನೋಡಿದರು. "ಇಬ್ಬರೂ ಸೇರಿ ಹೋದ ವರ್ಷ ಎಷ್ಟಿದ್ದಿರೋ ಈಗಲೂ ಅಷ್ಟೇ ಇದ್ದೀರಿ."

"ಒಳ್ಳೇದಲ್ವಾ?"

"ನೀವು ಇಳಿಸಿದ್ದನ್ನೆಲ್ಲ ಇದು ಏರಿಸಿಕೊಂಡಿದೆ. ಊಟ ಬಿಟ್ಟಿರೋದು ನಾಯಿ ಅಲ್ಲ ಸಾರ್." ಚಿನ್ನಿ ಬಾಯಿ ತೆರೆಸಿ ಮೂಸಿದರು. "ತುಪ್ಪ. ಮೆಣಸು. ಬೆಚ್ಚಗಿಡಿ ಅಂದ್ರೆ ತುಪ್ಪ ಹಾಕಿ ಅಂತಲ್ಲ. ಬೆನ್ನಿಗೆ ಭಾರ ಆಗುತ್ತೆ."

ತುಪ್ಪ, ಮೆಣಸು ಅಂದರೆ ಮಾರ್ಗಳಿಯ ಪೊಂಗಲ್. ನೇರ ಮಾಮಿ ಬಾಗಿಲಿಗೆ ಬಂದೆ.

"ಮಾಮಿ, ಚಿನ್ನಿಗೆ ಪೊಂಗಲ್ ಹಾಕ್ತೀರಾ?"

"ನಾನಾ? ನಾಯಿ ಸೋಕಿದರೆ ತಲೆಗೆ ನೀರು ಹಾಕ್ಕೊಳ್ಳೋಳು ನಾನು!"

"ಬಾಯೆಲ್ಲ ತುಪ್ಪದ ವಾಸನೆ."

ಮಾಮಿ ಸೆರಗು ಸರಿಮಾಡಿಕೊಂಡರು. "ಪೆರುಮಾಳ್ ಪ್ರಸಾದ ಸಾರ್. ಮಾರ್ಗಳೀಲಿ ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನೋಕಾಗುತ್ತಾ? ನೀವು ಹಾಲಿಗೆ ಹೋಗ್ತೀರಿ, ಅದು ನನ್ನನ್ನೇ ನೋಡುತ್ತೆ. ಬೈತೀನಿ. ಬೈದು ಹಸಿದ ಹೊಟ್ಟೇಲಿ ಕಳಿಸ್ಲಾ?"

ತುಪ್ಪ, ಮೆಣಸು ಕೂಡದಂತೆ ಅಂದೆ. ಅದಕ್ಕೆ ಸಪ್ಪೆ ಬೇರೆ ತೆಗೀತೀನಿ ಅಂದರು. ಹಾಗೇ ನನ್ನ ಕುತ್ತಿಗೆ ಮೂಳೆ ನೋಡಿದರು.

"ನಿಮ್ಮ ಬಗ್ಗೆ ಡಾಕ್ಟರ್ ಏನೂ ಅನ್ನಲಿಲ್ವಾ?"

ಹೇಳಿದೆ.

"ನೀವೂ ದಿನಾ ಇದೇ ಬಾಗಿಲಲ್ಲಿ ನಿಂತು ಬೈಸಿಕೊಂಡು ಹೋಗ್ತೀರಿ. ಒಂದು ದಿನ ಆದ್ರೂ ಬಾಲ ಅಲ್ಲಾಡಿಸಿದ್ರಾ? ನನಗೆ ಹೇಗೆ ಗೊತ್ತಾಗಬೇಕು?"

ಮರುದಿನ ಬೆಳಿಗ್ಗೆ ಒಂದು ಕೈಯಲ್ಲಿ ಚಿನ್ನಿ, ಇನ್ನೊಂದು ಕೈಯಲ್ಲಿ ತಟ್ಟೆ ಹಿಡಿದು ಮೆಟ್ಟಿಲು ಇಳಿದೆ. ಮಾಮಿ ಬಾಗಿಲಲ್ಲಿ ಅದನ್ನ ಮುಂದೆ ಬಿಟ್ಟು, ಅದರ ಹಿಂದೆ ಸಾಲಲ್ಲಿ ನಿಂತೆ.